ಕೆರೆಯ ಕೋಡಿಯೂ ಊರಿನ ಕ್ಷೇಮವೂ

ನೆರೆಯೆಂದೊಡನೆ ನಮ್ಮ ಮನಸ್ಸು ಕೃಷ್ಣೆಯ ಕಡೆಗೋ ಕಾವೇರಿಯ ಕಡೆಗೋ ಹರಿಯುವುದು ಸಹಜ. 1924ರ ಜುಲೈ ತಿಂಗಳಲ್ಲಿ ಕಾವೇರಿ ಉಕ್ಕಿದ ಕಥೆಯನ್ನು ಮೈಸೂರು ಸೀಮೆಯ ಹಿರಿಯರು ಬಹುಕಾಲ ಹೇಳುತ್ತಿದ್ದರು. ಬಯಲುಸೀಮೆಯ ಎಷ್ಟೋ ಹಳ್ಳಿಗಳಿಗೆ ಹೊಳೆಯೇ ಇಲ್ಲ. ಅವು ಮಳೆಗಾಗಿ ಮುಗಿಲು ನೋಡುವ ಊರುಗಳು. ಅಂಥ ಊರಿಗೂ ನೆರೆಯ ಭಯ ತಪ್ಪಿದ್ದಲ್ಲ. ಅಲ್ಲಿ ನೆರೆ ಬರುವುದು ಊರವರೇ ಕಟ್ಟಿಕೊಂಡ ಕೆರೆಯಿಂದ. ಏರಿ ಒಡೆದರೆ ಒಂದೇ ರಾತ್ರಿಯಲ್ಲಿ ಗದ್ದೆಯ ಮೇಲೆ ಮರಳು ಕವಿಯುತ್ತದೆ, ಕೊಟ್ಟಿಗೆಯ ದನ ಕೊಚ್ಚಿಹೋಗುತ್ತದೆ, ಮುಂದಿನ ಬೆಳೆಗೆ ನೀರೂ ಉಳಿಯುವುದಿಲ್ಲ. ಅನ್ನವೂ ಅಪಾಯವೂ ಒಂದೇ ಏರಿಯ ಹಿಂದೆ ನಿಂತಿರುವುದನ್ನು ಅರಿತ ನಮ್ಮ ಪೂರ್ವಿಕರು ಏನು ಏರ್ಪಾಡು ಮಾಡಿದ್ದರೆಂಬುದನ್ನು ಇಲ್ಲಿ ನೋಡೋಣ.

ಕೆರೆಗೆ ಮುಖ್ಯವಾದ ಅಂಗಗಳು ಮೂರು: ನೀರನ್ನು ತಡೆಯುವ ಏರಿ, ಗದ್ದೆಗೆ ಬಿಡುವ ತೂಬು, ಹೆಚ್ಚಾದುದನ್ನು ಹೊರಹಾಕುವ ಕೋಡಿ. ಮಣ್ಣಿನ ಏರಿ ನೀರನ್ನು ತಡೆದು ಎಷ್ಟು ತಿಂಗಳಾದರೂ ನಿಲ್ಲಬಲ್ಲದು. ನೀರು ತನ್ನ ನೆತ್ತಿಯ ಮೇಲೆ ಹರಿಯುವುದನ್ನು ಮಾತ್ರ ಅದು ಸಹಿಸಲಾರದು. ಹೊರಮೈಯ ಮಣ್ಣು ಕೊರೆದು, ಗಂಡಿ ಬಿದ್ದು, ಕೆರೆಯೆಲ್ಲ ಹೊರಬೀಳುತ್ತದೆ. ಆದ್ದರಿಂದಲೇ ಕೋಡಿಯನ್ನು ಏರಿಗಿಂತ ತಗ್ಗಾಗಿ, ಗಟ್ಟಿ ನೆಲವಿರುವ ಅಂಚಿನಲ್ಲಿ, ಕಲ್ಲು ಹಾಸಿ ಕಟ್ಟುತ್ತಿದ್ದರು. ‘ಆನಂದ ಕೋಡಿವರಿಯಿತು’ ಎಂದು ನಾವು ಇಂದಿಗೂ ಹೇಳುತ್ತೇವೆ. ಕೆರೆ ಕೋಡಿ ಬಿದ್ದ ದಿನ ಹೆಂಗಸರು ಗಂಗೆಪೂಜೆ ಮಾಡಿ ಬಾಗಿನ ಕೊಡುವುದು ತುಂಬಿದ ಕೆರೆಯ ಸಂತೋಷಕ್ಕೆ. ಏರಿ ಉಳಿಯಿತೆಂಬ ನೆಮ್ಮದಿಯೂ ಅದರಲ್ಲಿ ಸೇರಿದೆಯೆನ್ನಬಹುದು.

ಹೀಗೆ ಕೋಡಿಯಿಂದ ಹೊರಟ ನೀರು ಹಳ್ಳ ಹಿಡಿದು ಕೆಳಗಿನ ಊರಿನ ಕೆರೆಯನ್ನು ಸೇರುತ್ತದೆ. ಅದು ತುಂಬಿದರೆ ಅದರ ಕೆಳಗಿನದನ್ನು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು (ಬೆಂಗಳೂರಿನ ಸ್ಯಾಂಕಿ ಕೆರೆ ಇವರ ಹೆಸರಿನದೇ) 1866ರಲ್ಲಿ ಸಂಸ್ಥಾನದ ನೆಲದ ನೂರಕ್ಕೆ ಸುಮಾರು 60 ಪಾಲು ಇಂಥ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಾಣ ಹುಡುಕಲು ಜಾಣತನವೇ ಬೇಕೆಂದೂ ಬರೆದರು. ಈ ಸರಮಾಲೆ ದೊಡ್ಡ ಮಳೆಯ ರಭಸವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುತ್ತದೆ. ಆದರೆ ಮೇಲಿನದೊಂದು ಒಡೆದರೆ ಕೆಳಗಿನವೂ ಒಂದರ ಹಿಂದೊಂದು ಒಡೆಯುವ ಭಯವುಂಟು. ಒಂದು ಊರಿನ ಉದಾಸೀನಕ್ಕೆ ನಾಲ್ಕು ಊರು ದಂಡ ತೆರಬೇಕಾಗುತ್ತದೆ.

ಕೆರೆ ಕಟ್ಟುವುದು ಬರಿಯ ಪುಣ್ಯಕಾರ್ಯವಾಗಿರಲಿಲ್ಲ, ಶಾಸ್ತ್ರವೂ ಆಗಿತ್ತು. ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯದು. ಪ್ರತಿದಿನ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸವೆಂದು ಶಾಸನ ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಜಲಶಾಸ್ತ್ರ ಬಲ್ಲ ಪಂಡಿತ, ಗಟ್ಟಿ ನೆಲ, ಹತ್ತಿರದಲ್ಲೇ ಕಲ್ಲಿನ ಗಣಿ, ನುರಿತ ಕೆಲಸಗಾರರು ಇವೆಲ್ಲ ಸಾಧನಗಳು. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ನೀರು ಅತಿಯಾಗಿ ನೆಲ ಕಡಿಮೆಯಾಗುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಮತ್ತೊಂದು. ಇಬ್ಬರ ಗಡಿಯ ಕೆರೆಯನ್ನು ಯಾರೂ ಕಾಯುವುದಿಲ್ಲವೆಂಬ ಲೋಕಾನುಭವ ಈ ಮಾತಿನಲ್ಲಿ ಅಡಗಿದ್ದೀತು.

ಕಟ್ಟಿದ್ದನ್ನು ಕಾಯುವುದಕ್ಕೂ ಕಟ್ಟಳೆಗಳಿದ್ದುವು. ನಮ್ಮ ಶಾಸನಗಳಲ್ಲಿ ‘ಕೆರೆಗೊಡಗೆ’, ‘ಬಿತ್ತುವಟ್ಟ’, ‘ದಸವಂದ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ದುರಸ್ತಿಯಲ್ಲಿಟ್ಟವನಿಗೆ ಗದ್ದೆಯನ್ನೋ ಅದರ ಫಲದಲ್ಲಿ ಪಾಲನ್ನೋ ಬಿಡುವ ದತ್ತಿಗಳಿವು. ಹೂಳೆತ್ತಿ ಏರಿಗೆ ಮಣ್ಣು ಹೊರುವ ಬಂಡಿಗೆಂದೇ ಬಿಟ್ಟ ಭೂಮಿಯೂ ಉಂಟು. ತೂಬನ್ನು ಕಾಯುವ ನೀರಗಂಟಿಗೆ ಕಣದಲ್ಲೇ ಧಾನ್ಯದ ಪಾಲು ಸಲ್ಲುತ್ತಿತ್ತು. ಮಳೆಯ ರಾತ್ರಿ ಏರಿಯ ಮೇಲೆ ನಡೆದು, ಏಡಿಬಿಲದಲ್ಲಿ ನೀರು ಜಿನುಗಿದರೆ ಊರನ್ನು ಎಬ್ಬಿಸಬೇಕಾದವನು ಅವನೇ.

ಇಷ್ಟಿದ್ದರೂ ಜಗಳವಿಲ್ಲದ ಕೆರೆಯಿಲ್ಲ. ಕೆಳಗಿನ ಗದ್ದೆಯವನಿಗೆ ನೀರು ಇನ್ನೊಂದು ಗೇಣು ಹೆಚ್ಚು ನಿಲ್ಲಲೆಂಬ ಆಸೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಡಿಯ ಮೇಲೆ ಕಲ್ಲು ಮಣ್ಣು ಪೇರಿಸುತ್ತಾನೆ. ಹಿನ್ನೀರಿನ ಹೊಲದವನು ಬೆಳೆ ಮುಳುಗಿತೆಂದು ಕೋಡಿಯನ್ನು ಕಡಿಯಲು ಬರುತ್ತಾನೆ. ಇಬ್ಬರದೂ ಹೊಟ್ಟೆಯ ಪಾಡೇ ಸರಿ. ಹಿಂಗಾರಿನ ಮಳೆ ಅನಿರೀಕ್ಷಿತವಾಗಿ ಸುರಿದರೆ ಪೇರಿಸಿದ ಆ ಒಂದು ಗೇಣೇ ಏರಿಗೆ ಮೃತ್ಯು. ಕೋಡಿಯ ಮಟ್ಟ ಒಬ್ಬನ ಇಷ್ಟಕ್ಕೆ ಬಿಟ್ಟದ್ದಲ್ಲ, ಊರಿನ ಒಪ್ಪಂದ ಎಂಬುದನ್ನು ನಮ್ಮ ರೈತರು ತಲೆಮಾರುಗಳ ನಷ್ಟದಿಂದ ಕಲಿತರು.

ಕಾಲ ಬದಲಾಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾನೂನಿನಿಂದ ರದ್ದಾದುವು. ಹುಟ್ಟಿನಿಂದ ಹುದ್ದೆ ಬರುವ ಪದ್ಧತಿ ಹೋದದ್ದು ನ್ಯಾಯವೇ. ಆದರೆ ಆ ಹುದ್ದೆಯ ಕೆಲಸ ಹೋಗಬಾರದಿತ್ತು. ಕೊಳವೆಬಾವಿ ಬಂದಮೇಲೆ ಕೆರೆಯ ಕಡೆಗೆ ಕಣ್ಣೆತ್ತಿ ನೋಡುವವರೂ ಕಡಿಮೆಯಾದರು. ಕಾಲುವೆಗಳು ಹೊಲಗಳಾದುವು, ಕೋಡಿಹಳ್ಳದಲ್ಲಿ ಮನೆಗಳೆದ್ದುವು. 2022ರ ಆಗಸ್ಟಿನಲ್ಲಿ ರಾಮನಗರ ಜಿಲ್ಲೆಯ ಕೆರೆಗಳು ಉಕ್ಕಿ, ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿದ್ದನ್ನು ನಾವು ಕಂಡೆವು. ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ.

2002ರಲ್ಲಿ ಆರಂಭವಾದ ಜಲ ಸಂವರ್ಧನೆ ಯೋಜನೆ ಕೆರೆಯ ಪಾಲನೆಯನ್ನು ಮತ್ತೆ ಊರವರ ಸಂಘಗಳಿಗೆ ಒಪ್ಪಿಸಲು ಯತ್ನಿಸಿತು. ಹಣ ಸರ್ಕಾರದಿಂದ ಬರಬಹುದು. ಏರಿಯ ಮೇಲೆ ರಾತ್ರಿ ನಡೆಯುವ ಕಾಲು ಊರಿನದೇ ಆಗಬೇಕು. ಮುಂಗಾರಿಗೆ ಮೊದಲು ಕೋಡಿಯ ಪೊದೆ ಕಡಿಯುವುದು, ಏರಿಯ ತಗ್ಗಿಗೆ ಮಣ್ಣು ಹಾಕುವುದು, ತೂಬು ಆಡುವುದೇ ಎಂದು ನೋಡುವುದು, ಮೇಲಿನ ಕೆರೆ ತುಂಬಿದ ಸುದ್ದಿಯನ್ನು ಕೆಳಗಿನ ಊರಿಗೆ ಮುಟ್ಟಿಸುವುದು: ಇವಕ್ಕೆ ದೊಡ್ಡ ವಿದ್ಯೆ ಬೇಡ. ಪಟ್ಟಣದಲ್ಲಿರುವ ನಮ್ಮಲ್ಲಿಯೂ ಅನೇಕರಿಗೆ ಹಳ್ಳಿಯಲ್ಲಿ ಜಮೀನುಂಟು. ಆ ಜಮೀನಿನ ಪಕ್ಕದ ಕಾಲುವೆ ಇನ್ನೂ ಕಾಲುವೆಯಾಗಿಯೇ ಉಳಿದಿದೆಯೇ ಎಂದು ಈ ಸಲ ಊರಿಗೆ ಹೋದಾಗ ನೋಡಿ ಬಂದರೆ, ಅದೂ ಒಂದು ಕೆರೆಗೊಡಗೆಯೇ ಸರಿ.