ತೊಗರಿ ಕಣಜದಲ್ಲೇ ಬೇಳೆ ಇಲ್ಲದ ದಸರಾ

2015ರ ಅಕ್ಟೋಬರ್, ದಸರಾ ಹಬ್ಬದ ಹೊತ್ತು. ತೊಗರಿ ಬೇಳೆ ಕೆ.ಜಿ.ಗೆ 200 ರೂಪಾಯಿ ಆಸುಪಾಸು ಮುಟ್ಟಿತ್ತು. ಹಿಂದಿನ ವರ್ಷ ಅದೇ ಬೇಳೆ ನೂರರ ಒಳಗಿತ್ತು. ಬೇರೆ ಊರಾಗಿದ್ದರೆ ಮಾತು ಬೇರೆ. ನಾವಿರುವುದು ಕಲಬುರಗಿ ಸೀಮೆ, ‘ತೊಗರಿ ಕಣಜ’ ಅನ್ನಿಸಿಕೊಂಡ ನೆಲ. ಸುತ್ತ ಎತ್ತ ನೋಡಿದರೂ ತೊಗರಿ ಹೊಲ, ಆದರೆ ಕಿರಾಣಿ ಅಂಗಡಿ ಮುಂದೆ ನಿಂತು ನಾವು ಕೇಳುತ್ತಿದ್ದದ್ದು ಪಾವು ಕಿಲೋ ಬೇಳೆ.

ಹೀಗೇಕಾಯಿತು? ಮೊದಲ ಕಾರಣ ಮಳೆ. ದೇಶದಲ್ಲಿ ಮುಂಗಾರು 2014ರಲ್ಲಿ ವಾಡಿಕೆಗಿಂತ ಶೇ 12, 2015ರಲ್ಲಿ ಶೇ 14 ಕಡಿಮೆ ಸುರಿಯಿತು. 2013-14ರಲ್ಲಿ 30 ಲಕ್ಷ ಟನ್ ದಾಟಿದ್ದ ತೊಗರಿ ಫಸಲು 2015-16ರಲ್ಲಿ ಸುಮಾರು 25 ಲಕ್ಷ ಟನ್ನಿಗೆ ಇಳಿಯಿತು. ಹೊರಗಿಂದ ತರಿಸೋಣವೆಂದರೆ ತೊಗರಿ ಮಾರುವ ದೇಶಗಳೇ ಕಡಿಮೆ: ಮ್ಯಾನ್ಮಾರ್, ತಾಂಜಾನಿಯಾ, ಮೊಜಾಂಬಿಕ್, ಮಲಾವಿ. ನಾವು ಕೊಳ್ಳಲು ಹೊರಟರೆ ಅಲ್ಲೂ ದರ ಏರುತ್ತದೆ. ಕೊರತೆಯ ಸುದ್ದಿ ಹಬ್ಬಿದರೆ ಇದ್ದ ಮಾಲೂ ಗೋದಾಮು ಸೇರುತ್ತದೆ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ದಾಸ್ತಾನಿಗೆ ಮಿತಿ ಹಾಕಿ, ಹಲವು ರಾಜ್ಯಗಳಲ್ಲಿ ದಾಳಿ ಮಾಡಿ ಸಾವಿರಾರು ಟನ್ ಕಾಳು ವಶಪಡಿಸಿಕೊಂಡರು.

ದರ ಏರಿದ ಲಾಭ ಬೆಳೆದವರಿಗೆ ಸಿಕ್ಕಿತೇ? ಬಹುತೇಕರಿಗೆ ಇಲ್ಲ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಗೆ. ಬೀಜ, ಗೊಬ್ಬರದ ಸಾಲ ಬೆನ್ನ ಮೇಲಿರುತ್ತದೆ. ಕಣದಿಂದ ಚೀಲ ನೇರ ಅಡತಿಗೆ ಹೋಗುತ್ತದೆ. ಅಕ್ಟೋಬರ್‌ನಲ್ಲಿ ದರ ನೆತ್ತಿಗೇರಿದಾಗ ಸಣ್ಣ ರೈತರ ಮನೆಯಲ್ಲಿ ಮಾರಲು ಕಾಳೇ ಇರುವುದಿಲ್ಲ. ಚಳಿಗಾಲದಲ್ಲಿ ಮಾರಿದವರೇ ಮಳೆಗಾಲ ಮುಗಿಯುವಾಗ ಕೊಳ್ಳುವವರು.

ಹಿಂದೆ ಹೀಗಿರಲಿಲ್ಲ. ನಮ್ಮ ಅಜ್ಜಿಯರು ತೊಗರಿಗೆ ಕೆಮ್ಮಣ್ಣಿನ ನೀರು ಹಚ್ಚಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ವರ್ಷದ ಬೇಳೆ ಮಾಡಿಡುತ್ತಿದ್ದರು. ದಾಲ್ ಮಿಲ್ ಬಂದ ಮೇಲೆ ಆ ದುಡಿಮೆ ತಪ್ಪಿತು, ಅದು ಒಳ್ಳೆಯದೇ. ಆದರೆ ಅದರ ಜೊತೆಗೆ ಮನೆಯ ದಾಸ್ತಾನೂ ಹೋಯಿತು.

ಆ ವರ್ಷ ಅಡುಗೆಮನೆ ತನ್ನದೇ ದಾರಿ ಹುಡುಕಿತು. ಗಟ್ಟಿ ಬೇಳೆ ತಿಳಿ ಸಾರಾಯಿತು. ತೊಗರಿ ಜೊತೆ ಹೆಸರು ಬೇಳೆ, ಕಡಲೆ ಬೇಳೆ ಬೆರೆತವು. ಪುಂಡಿ ಪಲ್ಯಕ್ಕೆ ಬೇಳೆ ಕಡಿಮೆಯಾಗಿ ಜೋಳದ ನುಚ್ಚು ಹೆಚ್ಚಾಯಿತು. ರೊಟ್ಟಿಗೆ ಜುಣಕ, ಶೇಂಗಾ ಹಿಂಡಿ. ಕೊನೆಗೆ ಅಂಗಡಿಯ ಉದ್ರಿ ಪುಸ್ತಕ. ತಿಳಿ ಸಾರನ್ನು ಗಂಡಸರಿಗೂ ಮಕ್ಕಳಿಗೂ ಬಡಿಸಿ ತಳದ ನೀರಷ್ಟೇ ತಮಗೆ ಉಳಿಸಿಕೊಂಡ ಹೆಂಗಸರ ಲೆಕ್ಕವನ್ನು ಯಾವ ಪುಸ್ತಕವೂ ಬರೆದಿಡಲಿಲ್ಲ.

ಮುಂದಿನದು ಇನ್ನೂ ಕಹಿ. ದರ ನೋಡಿ 2016ರಲ್ಲಿ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಕೈಹಿಡಿಯಿತು. ಫಸಲು 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ, ಪೇಟೆ ಧಾರಣೆ ಅದಕ್ಕೂ ಕೆಳಗೆ. ಖರೀದಿ ಕೇಂದ್ರಗಳ ಮುಂದೆ ಚೀಲಗಳು ಸಾಲುಗಟ್ಟಿದವು. 2006ರಿಂದ ಇದ್ದ ರಫ್ತು ನಿಷೇಧ ತೆರವಾಗಿದ್ದು 2017ರ ಸೆಪ್ಟೆಂಬರ್‌ನಲ್ಲಿ, ಹೆಚ್ಚಿನವರು ಮಾರಿ ಮುಗಿಸಿದ ಮೇಲೆ.

2022ರ ಕೊನೆಗೆ ನಮ್ಮ ಹೊಲಗಳಲ್ಲಿ ನೆಟೆ ರೋಗ ಬಂತು. ಮರುವರ್ಷ ಬೇಳೆ ದರ ಮತ್ತೆ ಏರಿತು, ಜೂನ್‌ನಲ್ಲಿ ಮತ್ತೆ ದಾಸ್ತಾನು ಮಿತಿ. ಅದೇ ಚಕ್ರ.

ಒಂದು ಸಣ್ಣ ಲೆಕ್ಕ ಹೇಳುತ್ತೇವೆ. ಕ್ವಿಂಟಲ್ ತೊಗರಿಗೆ ಸುಮಾರು 70 ಕೆ.ಜಿ. ಬೇಳೆ ಇಳಿಯುತ್ತದೆ. ದಿನಕ್ಕೆ 200 ಗ್ರಾಂ ಬೇಯಿಸುವ ಮನೆಗೆ ವರ್ಷಕ್ಕೆ 73 ಕೆ.ಜಿ. ಸಾಕು. ಅಂದರೆ ರಾಶಿ ದಿನ ಒಂದು ಕ್ವಿಂಟಲ್ ಮನೆಗೆ ಎತ್ತಿಟ್ಟರೆ ಹೆಚ್ಚುಕಡಿಮೆ ವರ್ಷ ನೀಗುತ್ತದೆ. ಸಾಲಗಾರ ಬಾಗಿಲಲ್ಲಿ ನಿಂತಾಗ ಅದು ಸುಲಭವಲ್ಲ ಎಂದು ಬಲ್ಲೆವು. ಹೊಲವೇ ಇಲ್ಲದ ಕೂಲಿ ಮನೆಗೆ ಈ ದಾರಿಯೂ ಇಲ್ಲ. ಅವರಿಗೆ ಬೇಳೆ ಸಿಗಬೇಕಾದದ್ದು ರೇಷನ್ ಅಂಗಡಿಯಲ್ಲಿ. ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಮಾತು ಅದು.