ಚಿತ್ರದುರ್ಗದ ಅಂಕಲಿ ಮಠ ಮತ್ತು ಚಂದ್ರವಳ್ಳಿ ತೋಟ: ಸಂದರ್ಶಕರಿಗೆ ಮಾಹಿತಿ

ಪೀಠಿಕೆ

ಚಿತ್ರದುರ್ಗಕ್ಕೆ ಬರುವ ಬಹುಪಾಲು ಪ್ರವಾಸಿಗರು ಏಳು ಸುತ್ತಿನ ಕೋಟೆಯನ್ನು ನೋಡಿ ಹಿಂದಿರುಗುತ್ತಾರೆ. ಅದೇ ಬೆಟ್ಟಸಾಲಿನ ಪಶ್ಚಿಮ ಮಗ್ಗುಲಲ್ಲಿ, ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕೋಟೆಗಿಂತಲೂ ಹಳೆಯದಾದ ನೆಲೆಯೊಂದಿದೆ. ಅದುವೇ ಚಂದ್ರವಳ್ಳಿ. ಇಲ್ಲಿ ಕದಂಬರ ಕಾಲದ ಶಾಸನವಿರುವ ಬಂಡೆ, ಒಂದು ಕೆರೆ, ಕೆರೆಯ ಆಸರೆಯ ತೋಟ ಹಾಗೂ ಬಂಡೆಗಳ ಅಡಿಯಲ್ಲಿ ರಚಿತವಾದ ಅಂಕಲಿ ಮಠ ಒಂದೇ ಕಣಿವೆಯಲ್ಲಿ ಸೇರಿಕೊಂಡಿವೆ. ಈ ಸ್ಥಳದ ಇತಿಹಾಸ, ತಲುಪುವ ಬಗೆ, ಪಾಲಿಸಬೇಕಾದ ನಿಯಮಗಳು ಮತ್ತು ಅನುಮತಿ ಪಡೆಯುವ ಕ್ರಮವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

1. ಸ್ಥಳ ಪರಿಚಯ

ಚಿತ್ರದುರ್ಗದ ಬೆಟ್ಟ, ಚೋಳಗುಡ್ಡ ಮತ್ತು ಕಿರುಬನಕಲ್ಲು ಬೆಟ್ಟಗಳ ನಡುವಣ ಕಣಿವೆಯೇ ಚಂದ್ರವಳ್ಳಿ. ಊರಿನ ಜನರು ಇದನ್ನು ಇಂದಿಗೂ ‘ಚಂದ್ರವಳ್ಳಿ ತೋಟ’ ಎಂದೇ ಕರೆಯುತ್ತಾರೆ. ಸುತ್ತಲೂ ಹೆಬ್ಬಂಡೆಗಳ ಗುಡ್ಡಗಳಿದ್ದು, ಅವುಗಳ ಇಳಿಜಾರಿನಲ್ಲಿ ಹರಿದು ಬರುವ ಮಳೆಯ ನೀರು ಕಣಿವೆಯ ತಗ್ಗಿನಲ್ಲಿ ಸಂಗ್ರಹವಾಗುತ್ತದೆ. ಬಯಲುಸೀಮೆಯ ಈ ಭಾಗದಲ್ಲಿ ಮಳೆ ಬಹಳ ಕಡಿಮೆ. ಆದುದರಿಂದ ನೀರು ನಿಲ್ಲುವ ಕಣಿವೆಯೊಂದು ಜನವಸತಿಗೂ, ಕೃಷಿಗೂ, ವಿರಕ್ತರ ವಾಸಕ್ಕೂ ಆಶ್ರಯವಾದುದು ಸಹಜವಾಗಿದೆ.

ಯೂರೋಪಿನ ಕ್ರೈಸ್ತ ಸಂನ್ಯಾಸಿಗಳ ಮಠಗಳಲ್ಲಿ ನಾಲ್ಕು ಕಡೆ ಕಂಬಸಾಲಿನ ಪಡಸಾಲೆ, ನಡುವೆ ತೋಟ ಇರುವುದು ವಾಡಿಕೆ. ಚಂದ್ರವಳ್ಳಿಯಲ್ಲಿ ಬೆಟ್ಟಗಳೇ ಪ್ರಾಕಾರವಾಗಿವೆ, ಕಣಿವೆಯೇ ತೋಟವಾಗಿದೆ. ವಾಸದ ಕೋಣೆಗಳು ಮಾತ್ರ ನೆಲದಡಿಯಲ್ಲಿವೆ. ಮಠ, ಕೆರೆ ಮತ್ತು ತೋಟಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ನೆಲೆಯ ಅಂಗಗಳೆಂದು ತಿಳಿದು ನೋಡಿದಾಗ ಈ ಸ್ಥಳದ ಮಹತ್ವ ಸ್ಪಷ್ಟವಾಗುತ್ತದೆ.

2. ಮಯೂರಶರ್ಮನ ಶಾಸನ

ಕೆರೆಯ ಸಮೀಪದ ಭೈರವೇಶ್ವರ ದೇವಾಲಯದ ಬಳಿಯಿರುವ ಬಂಡೆಯೊಂದರ ಮೇಲೆ ಕದಂಬ ವಂಶದ ಸ್ಥಾಪಕನಾದ ಮಯೂರಶರ್ಮನ ಶಾಸನವಿದೆ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿರುವ ಈ ಶಾಸನವು ಮೂರು ಸಾಲುಗಳಷ್ಟು ಚಿಕ್ಕದು. ಇದನ್ನು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಓದಿ ಬೆಳಕಿಗೆ ತಂದರು. ಅವರ ಓದಿನಂತೆ, ಪಲ್ಲವ, ಆಭೀರ, ತ್ರೈಕೂಟ ಮುಂತಾದವರನ್ನು ಗೆದ್ದ ಮಯೂರಶರ್ಮನು ಇಲ್ಲಿ ಕೆರೆಯನ್ನು ಮಾಡಿಸಿದನು.

ಅರಸನ ವಿಜಯಗಳನ್ನು ಹೇಳುವ ಶಾಸನವು ಕೆರೆಯ ನಿರ್ಮಾಣದ ದಾಖಲೆಯೂ ಆಗಿರುವುದು ಗಮನಾರ್ಹ. ಸುಮಾರು ನಾಲ್ಕನೆಯ ಶತಮಾನದ ಅರಸನೊಬ್ಬನು ತನ್ನ ಹೆಸರನ್ನು ಉಳಿಸಲು ಈ ಕಣಿವೆಯಲ್ಲಿ ಆರಿಸಿಕೊಂಡ ಕಾರ್ಯವು ನೀರು ನಿಲ್ಲಿಸುವುದಾಗಿತ್ತು.

ಶಾಸನದ ಅಕ್ಷರಗಳು ಮಳೆ ಬಿಸಿಲುಗಳಿಗೆ ಸಿಲುಕಿ ಬಹಳ ಸವೆದಿವೆ. ಈ ಕಾರಣದಿಂದಲೇ ಅದರಲ್ಲಿನ ಕೆಲವು ಹೆಸರುಗಳ ಓದಿನ ಬಗ್ಗೆಯೂ ಕಾಲದ ಬಗ್ಗೆಯೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಂತಹ ಬಂಡೆಯ ಮೇಲೆ ಬೀಳುವ ಒಂದು ಹೊಸ ಗೀಟು ಸಹ ಅಕ್ಷರವೊಂದರ ಓದನ್ನು ಶಾಶ್ವತವಾಗಿ ಕೆಡಿಸಬಲ್ಲದು ಎಂಬುದನ್ನು ಸಂದರ್ಶಕರು ಗಮನದಲ್ಲಿಡಬೇಕು.

3. ಅಂಕಲಿ ಮಠ

ಕೆರೆಯ ಪಕ್ಕದ ಬಂಡೆಗಳ ನಡುವೆ ಅಂಕಲಿ ಮಠದ ಪ್ರವೇಶವಿದೆ. ಬೆಳಗಾವಿ ಸೀಮೆಯ ಅಂಕಲಗಿಯ ಕಡೆಯಿಂದ ಬಂದ ಯತಿಯೊಬ್ಬರು ಇಲ್ಲಿ ನೆಲೆಸಿದ್ದರಿಂದ ಈ ಹೆಸರು ಬಂದಿತೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ಮೆಟ್ಟಿಲುಗಳ ಮೂಲಕ ಕೆಳಗೆ ಇಳಿದಂತೆ ಒಂದರಿಂದ ಒಂದಕ್ಕೆ ದಾರಿಯಿರುವ, ಬೇರೆಬೇರೆ ಮಟ್ಟದಲ್ಲಿರುವ ಹಲವು ಕೋಣೆಗಳು ಕಾಣುತ್ತವೆ. ಹೆಬ್ಬಂಡೆಗಳ ನಡುವೆ ಸಹಜವಾಗಿ ಉಂಟಾದ ಗವಿಯನ್ನೇ ಬಳಸಿಕೊಂಡು, ಗೋಡೆ ಕಟ್ಟಿ, ಗಾರೆ ಬಳಿದು ಇವುಗಳನ್ನು ರೂಪಿಸಲಾಗಿದೆ. ಲಿಂಗಗಳಿರುವ ಪೂಜಾಸ್ಥಾನಗಳು, ಸ್ನಾನದ ತೊಟ್ಟಿ, ಯೋಗಾಸನಕ್ಕೆಂದು ಕಟ್ಟಿರಬಹುದಾದ ಜಗುಲಿಗಳು ಇಲ್ಲಿವೆ. ಕೆಲವು ಗೋಡೆಗಳಲ್ಲಿ ಹಳೆಯ ಬಣ್ಣದ ಕುರುಹುಗಳು ಉಳಿದಿವೆ.

ಈ ಕೋಣೆಗಳನ್ನು ಪಾಳೆಯಗಾರರು ಗುಪ್ತ ಸಮಾಲೋಚನೆಗೆ ಬಳಸುತ್ತಿದ್ದರೆಂಬ ಮಾತು ಜನರ ಬಾಯಲ್ಲಿದೆ. ಇದನ್ನು ಐತಿಹ್ಯವೆಂದು ಪರಿಗಣಿಸುವುದು ಉಚಿತ.

ಮಠದ ಸಮೀಪದ ಪಂಚಲಿಂಗ ಗವಿಯಲ್ಲಿ ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದ, ಕ್ರಿ.ಶ. 1286ರ ಶಾಸನವಿದೆ. ಚಿತ್ರದುರ್ಗದ ನಾಯಕರ ಆಳ್ವಿಕೆ ಆರಂಭವಾದದ್ದು 1568ರಲ್ಲಿ. ಅದಕ್ಕೆ ಇನ್ನೂರ ಎಂಬತ್ತು ವರ್ಷಗಳಷ್ಟು ಮೊದಲೇ ಈ ಗವಿಗಳು ಆರಾಧನೆಯ ನೆಲೆಯಾಗಿದ್ದವೆಂಬುದು ಇದರಿಂದ ತಿಳಿಯುತ್ತದೆ.

4. ಉತ್ಖನನ ಮತ್ತು ಮೊಳಕಾಲ್ಮೂರು ತಾಲ್ಲೂಕಿನ ಸಂಬಂಧ

ಚಂದ್ರವಳ್ಳಿಯಲ್ಲಿ ಆರ್. ನರಸಿಂಹಾಚಾರ್ ಅವರು 1909ರಲ್ಲಿಯೂ, ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೂ ಶೋಧನೆ ನಡೆಸಿದರು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಅಂದಿನ ಮಹಾನಿರ್ದೇಶಕರಾದ ಮಾರ್ಟಿಮರ್ ವೀಲರ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಒಟ್ಟಿಗೆ ಉತ್ಖನನ ಮಾಡಿಸಿದರು. ಶಾತವಾಹನರ ಕಾಲದ ನಾಣ್ಯಗಳು, ಮಡಕೆ ಚೂರುಗಳು ಹಾಗೂ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಚಂದ್ರವಳ್ಳಿಯಲ್ಲಿ ದೊರೆತವು. ಈ ರೋಮನ್ ನಾಣ್ಯವೇ ಇಲ್ಲಿನ ಮಣ್ಣಿನ ಪದರಗಳ ಕಾಲವನ್ನು ನಿರ್ಣಯಿಸಲು ಒದಗಿದ ಆಧಾರಗಳಲ್ಲಿ ಒಂದಾಗಿದೆ. ನಾಣ್ಯವು ಯಾವ ಪದರದಲ್ಲಿ, ಯಾವ ಮಡಕೆಗಳ ಜೊತೆಗೆ ಸಿಕ್ಕಿತೆಂಬುದು ಗೊತ್ತಿದ್ದುದರಿಂದ ಮಾತ್ರ ಇದು ಸಾಧ್ಯವಾಯಿತು. ಅದೇ ನಾಣ್ಯವನ್ನು ಯಾರಾದರೂ ಹೆಕ್ಕಿ ಮನೆಗೆ ಒಯ್ದಿದ್ದರೆ ಅದು ಬೆಳ್ಳಿಯ ಬಿಲ್ಲೆಯಷ್ಟೇ ಆಗಿ ಉಳಿಯುತ್ತಿತ್ತು.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ್ದರು. ಕೊಂಡ್ಲಹಳ್ಳಿ ಮತ್ತು ಸುತ್ತಲಿನ ಗ್ರಾಮಗಳ ನಿವಾಸಿಗಳಿಗೆ ಆ ಸ್ಥಳಗಳು ತಮ್ಮದೇ ತಾಲ್ಲೂಕಿನಲ್ಲಿವೆ. ಅಶೋಕನ ಶಾಸನಗಳನ್ನು ಮೊದಲು ನೋಡಿ, ಅನಂತರ ಚಂದ್ರವಳ್ಳಿಗೆ ಬಂದರೆ ಮೌರ್ಯ, ಶಾತವಾಹನ, ಕದಂಬ, ಹೊಯ್ಸಳ ಮತ್ತು ನಾಯಕರ ಕಾಲದ ಕುರುಹುಗಳನ್ನು ಒಂದೇ ಜಿಲ್ಲೆಯಲ್ಲಿ ಅನುಕ್ರಮವಾಗಿ ಕಾಣಬಹುದು.

5. ತಲುಪುವ ಬಗೆ

ಚಿತ್ರದುರ್ಗವು ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ (ಹಿಂದಿನ ಹೆದ್ದಾರಿ 4) ಮೇಲಿದೆ. ಕೊಂಡ್ಲಹಳ್ಳಿ ಮತ್ತು ಮೊಳಕಾಲ್ಮೂರು ಕಡೆಯಿಂದ ಬರುವವರು ಚಳ್ಳಕೆರೆ ಮಾರ್ಗವಾಗಿ ಬರಬಹುದು. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 30 ಕಿ.ಮೀ. ಅಂತರವಿದೆ. ಚಿಕ್ಕಜಾಜೂರು–ರಾಯದುರ್ಗ ರೈಲು ಮಾರ್ಗವೂ ಚಿತ್ರದುರ್ಗ ಮತ್ತು ಚಳ್ಳಕೆರೆಗಳನ್ನು ಹಾದುಹೋಗುತ್ತದೆ. ಚಿತ್ರದುರ್ಗ ಬಸ್ ನಿಲ್ದಾಣದಿಂದ ಚಂದ್ರವಳ್ಳಿಗೆ ಆಟೋರಿಕ್ಷಾ ಅಥವಾ ಸ್ವಂತ ವಾಹನದಲ್ಲಿ ಹೋಗುವುದು ಅನುಕೂಲಕರ. ದೂರದ ಗ್ರಾಮಗಳಿಂದ ಬರುವವರು ಹಿಂದಿರುಗುವ ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

6. ಸಂದರ್ಶನದ ಕ್ರಮ

ಬೆಳಗಿನ ಹೊತ್ತು ಸಂದರ್ಶನಕ್ಕೆ ಸೂಕ್ತ. ಮೊದಲು ಕೆರೆಯ ಬಳಿಯ ಶಾಸನವನ್ನು ನೋಡಿ, ಅನಂತರ ಮಠಕ್ಕೆ ಇಳಿದು, ಕೊನೆಗೆ ತೋಟದಲ್ಲಿ ವಿಶ್ರಮಿಸಬಹುದು. ಓರೆಯಾಗಿ ಬೀಳುವ ಬೆಳಗಿನ ಬಿಸಿಲಿನಲ್ಲಿ ಸವೆದ ಅಕ್ಷರಗಳ ಅಂಚು ಕಾಣುವ ಸಂಭವ ಹೆಚ್ಚು. ನೆತ್ತಿಯ ಬಿಸಿಲಿನಲ್ಲಿ ಬಂಡೆಯು ಬರಿದಾಗಿ ತೋರುತ್ತದೆ.

ಮಠದ ಒಳಭಾಗ ಕತ್ತಲೆಯಿಂದ ಕೂಡಿದೆ. ಪ್ರತಿ ತಂಡದಲ್ಲಿ ಕನಿಷ್ಠ ಎರಡು ಟಾರ್ಚುಗಳಿರಲಿ. ಸ್ಥಳವನ್ನು ಬಲ್ಲವರ ಸಂಗಡ ಮಾತ್ರ ಒಳಗೆ ಹೋಗಬೇಕು. ಕೆಲವು ಬಾಗಿಲುಗಳು ತಗ್ಗಾಗಿದ್ದು ಬಾಗಿ ನಡೆಯಬೇಕಾಗುತ್ತದೆ. ಉಬ್ಬಸ, ಹೃದ್ರೋಗ ಅಥವಾ ಇಕ್ಕಟ್ಟಾದ ಜಾಗದ ಭಯವುಳ್ಳವರು, ಮೆಟ್ಟಿಲಿಳಿಯಲು ತೊಂದರೆಯುಳ್ಳ ಹಿರಿಯ ನಾಗರಿಕರು ತೋಟದಲ್ಲಿಯೇ ಉಳಿಯುವುದು ಕ್ಷೇಮಕರ. ಜೋಗಿಮಟ್ಟಿ ಅರಣ್ಯ ಪ್ರದೇಶವು ಸಮೀಪದಲ್ಲಿರುವುದರಿಂದ ಸೂರ್ಯಾಸ್ತಕ್ಕೆ ಮುನ್ನವೇ ಹಿಂದಿರುಗಬೇಕು.

7. ಪಾಲಿಸಬೇಕಾದ ನಿಯಮಗಳು

(1) ಶಾಸನದ ಬಂಡೆಯ ಮೇಲೆ ಹತ್ತುವುದು, ಅಕ್ಷರ ಸ್ಪಷ್ಟವಾಗಲೆಂದು ಸೀಮೆಸುಣ್ಣ, ಎಣ್ಣೆ ಅಥವಾ ನೀರು ಬಳಿಯುವುದು ನಿಷಿದ್ಧ.

(2) ಮಠದ ಗೋಡೆಗಳ ಮೇಲೆ ಹೆಸರು ಬರೆಯಬಾರದು, ಗಾರೆಯನ್ನು ಕೆರೆಯಬಾರದು, ಒಳಗೆ ಬೆಂಕಿ ಹಚ್ಚಬಾರದು. ಪಂಜು ಹಾಗೂ ಕರ್ಪೂರದ ಹೊಗೆಯಿಂದ ಗೋಡೆಯ ಬಣ್ಣ ಮಾಸುತ್ತದೆ.

(3) ಮಡಕೆ ಚೂರು, ಮಣಿ, ಇಟ್ಟಿಗೆ ಮುಂತಾದವುಗಳನ್ನು ಎತ್ತಿಕೊಂಡು ಹೋಗಬಾರದು. ನಿಧಿಯ ಆಸೆಯಿಂದ ನೆಲ ಅಗೆಯುವುದು ಅಪರಾಧವಾಗಿದೆ.

(4) ಲಿಂಗಗಳಿರುವ ಸ್ಥಳಗಳಲ್ಲಿ ಪಾದರಕ್ಷೆ ಕಳಚಿಟ್ಟು, ಅಲ್ಲಿನ ಸಂಪ್ರದಾಯಕ್ಕೆ ಗೌರವ ತೋರಬೇಕು.

(5) ಕೆರೆಯಲ್ಲಿ ಈಜಬಾರದು. ಮಕ್ಕಳನ್ನು ನೀರಿನ ಅಂಚಿಗೆ ಒಂಟಿಯಾಗಿ ಬಿಡಬಾರದು.

(6) ಊಟ ತಿಂಡಿಯನ್ನು ತೋಟದ ಬಯಲಿನಲ್ಲಿ ಮಾತ್ರ ಮಾಡಿ, ಎಲೆ, ಪ್ಲಾಸ್ಟಿಕ್ ಮುಂತಾದ ಕಸವನ್ನು ಹಿಂದಕ್ಕೆ ಒಯ್ಯಬೇಕು. ಕಣಿವೆಯಲ್ಲಿ ಬಿಟ್ಟ ಕಸವೆಲ್ಲವೂ ಮೊದಲ ಮಳೆಗೆ ಕೆರೆಯನ್ನೇ ಸೇರುತ್ತದೆ.

ಸಂರಕ್ಷಿತ ಸ್ಮಾರಕವೆಂಬ ಫಲಕವಿರುವ ಕೇಂದ್ರ ಸಂರಕ್ಷಿತ ಸ್ಥಳಗಳಿಗೆ 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಅಧಿನಿಯಮವು ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ, ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮವು ಅನ್ವಯಿಸುತ್ತದೆ.

8. ಅನುಮತಿ ಮತ್ತು ಅರ್ಜಿ

ಸಾಮಾನ್ಯ ಸಂದರ್ಶನಕ್ಕೆ ಅರ್ಜಿ ಸಲ್ಲಿಸಬೇಕಾಗಿಲ್ಲ. ಈ ಕೆಳಕಂಡ ಸಂದರ್ಭಗಳಲ್ಲಿ ಮಾತ್ರ ಪೂರ್ವಾನುಮತಿ ಅಗತ್ಯ.

(ಅ) ಚಲನಚಿತ್ರ ಅಥವಾ ಸಾಕ್ಷ್ಯಚಿತ್ರದ ಚಿತ್ರೀಕರಣ: ಚಿತ್ರೀಕರಣದ ದಿನ, ಅವಧಿ, ಉಪಕರಣಗಳು, ಸಿಬ್ಬಂದಿಯ ಸಂಖ್ಯೆ ಮತ್ತು ದೃಶ್ಯಗಳ ವಿವರಗಳೊಡನೆ ಸ್ಮಾರಕದ ರಕ್ಷಣೆಯ ಹೊಣೆ ಹೊತ್ತ ಇಲಾಖೆಗೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

(ಆ) ಶಾಸನದ ಪಡಿಯಚ್ಚು ತೆಗೆಯುವುದು: ಸಂಶೋಧನಾ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾನಿಲಯದ ಮಾರ್ಗದರ್ಶಕರ ಪತ್ರದೊಡನೆ ಅರ್ಜಿ ಸಲ್ಲಿಸಬೇಕು. ಓದುವ ಉದ್ದೇಶಕ್ಕೆ ಛಾಯಾಚಿತ್ರವು ಸಾಕಾಗುವುದಾದರೆ ಪಡಿಯಚ್ಚಿಗೆ ಒತ್ತಾಯಿಸದಿರುವುದು ಬಂಡೆಗೆ ಕ್ಷೇಮ.

(ಇ) ಸಮೀಪದಲ್ಲಿ ಕಟ್ಟಡ ನಿರ್ಮಾಣ ಅಥವಾ ದುರಸ್ತಿ: ಕೇಂದ್ರ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ವಲಯವಾಗಿದ್ದು, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯವಾಗಿದೆ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅಲ್ಲಿರುವ ಹಳೆಯ ಮನೆಯ ದುರಸ್ತಿಗೂ, ನಿಯಂತ್ರಿತ ವಲಯದ ಹೊಸ ನಿರ್ಮಾಣಕ್ಕೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ನಿವೇಶನ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಂಡರೆ ಮುಂದಿನ ನಷ್ಟ ತಪ್ಪುತ್ತದೆ.

(ಈ) ಪುರಾತನ ವಸ್ತು ದೊರೆತಲ್ಲಿ: ಹೊಲ ಉಳುವಾಗ ಅಥವಾ ಪಾಯ ತೆಗೆಯುವಾಗ ನಾಣ್ಯ, ವಿಗ್ರಹ, ಶಾಸನ ಮುಂತಾದವು ಕಂಡುಬಂದರೆ, ವಸ್ತುವನ್ನು ತೊಳೆಯದೆ, ಸ್ಥಳವನ್ನು ಕದಲಿಸದೆ, ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿಗಳ ಕಚೇರಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಕೊಟ್ಟ ಮನವಿಗೆ ಸ್ವೀಕೃತಿ ಪಡೆದುಕೊಳ್ಳಬೇಕು.

9. ಸಮೀಪದ ಇತರ ಸ್ಥಳಗಳು

ರಂಗಯ್ಯನ ಬಾಗಿಲಿನ ಬಳಿಯಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಚಿತ್ರದುರ್ಗ ಪ್ರದೇಶದ ಪ್ರಾಚ್ಯವಸ್ತುಗಳನ್ನು ನೋಡಬಹುದು. ಕೋಟೆಯ ಪ್ರವೇಶಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಟಿಕೆಟ್ ಪಡೆಯಬೇಕು. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ನಗರದ ಹೊರವಲಯದಲ್ಲಿ ಶ್ರೀ ಮುರುಘರಾಜೇಂದ್ರ ಬೃಹನ್ಮಠವೂ, ಅದಕ್ಕೆ ಸೇರಿದ ಮುರುಘಾವನವೂ ಇವೆ. ಅದು ನಿತ್ಯಪೂಜೆ, ದಾಸೋಹ ಮತ್ತು ಶಿಕ್ಷಣ ಕಾರ್ಯಗಳಿರುವ ಧಾರ್ಮಿಕ ಸಂಸ್ಥೆಯಾದುದರಿಂದ, ಅಲ್ಲಿನ ವೇಳೆ ಮತ್ತು ಕಟ್ಟುಪಾಡುಗಳನ್ನು ಮಠದಲ್ಲಿಯೇ ವಿಚಾರಿಸತಕ್ಕದ್ದು.

10. ಸಾರ್ವಜನಿಕರಲ್ಲಿ ಮನವಿ

ಅಂಕಲಿ ಮಠದಲ್ಲಿದ್ದ ಯತಿಗಳ ಬದುಕಿನ ಬಗ್ಗೆ ಬರೆದಿಟ್ಟ ದಾಖಲೆಗಳು ಅತ್ಯಲ್ಪ. ಅವರ ಬಗ್ಗೆ ತಿಳಿಯಲು ಉಳಿದಿರುವುದು ಅವರು ಕುಳಿತ ಜಗುಲಿ, ಬಳಿದ ಗಾರೆ ಮತ್ತು ಬಳಸಿದ ನೀರಿನ ನೆಲೆ ಮಾತ್ರ. ಇವುಗಳಲ್ಲಿ ಒಂದು ಹಾಳಾದರೂ ಮತ್ತೆ ಬರೆಯಿಸಿಕೊಳ್ಳಬಹುದಾದ ಪ್ರತಿಯಿಲ್ಲ. ಆದುದರಿಂದ ಸ್ಥಳಕ್ಕೆ ಹಾನಿಯಾಗುತ್ತಿರುವುದು ಕಂಡುಬಂದಲ್ಲಿ ಸಮೀಪದ ಪೊಲೀಸ್ ಠಾಣೆಗೆ ಅಥವಾ ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಿ, ಈ ನೆಲೆಯನ್ನು ಮುಂದಿನವರಿಗೆ ಉಳಿಸಿಕೊಡಲು ಸಹಕರಿಸಬೇಕೆಂದು ಸಾರ್ವಜನಿಕರನ್ನು ಕೋರಲಾಗಿದೆ.