ನಾಲ್ಕು ಗೊಂಬೆಗಳ ಸಾಕ್ಷ್ಯ



ಅಮೆರಿಕದ ಅಂತರ್ಯುದ್ಧ, ಅಬ್ರಹಾಂ ಲಿಂಕನ್, 1865ರಲ್ಲಿ ಗುಲಾಮಗಿರಿಯ ನಿಷೇಧ ಇವೆಲ್ಲವನ್ನೂ ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಪಾಠ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ ಮುಂದೆ ಬಹುಕಾಲ ಆ ದೇಶದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಮಕ್ಕಳಿಗೊಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಇನ್ನೊಂದು ಶಾಲೆ ಇದ್ದವು. ಸೌಲಭ್ಯ ಸಮಾನವಾಗಿದ್ದರೆ ಬೇರೆ ಇಡುವುದು ತಪ್ಪಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ 1896ರಲ್ಲಿ, ರೈಲ್ವೆ ಬೋಗಿಯೊಂದರ ಮೊಕದ್ದಮೆಯಲ್ಲಿ, ತೀರ್ಪಿತ್ತಿತ್ತು. ಬೇರೆ ಇಡುವ ಭಾಗ ಕಟ್ಟುನಿಟ್ಟಾಗಿ ಜಾರಿಯಾಯಿತು. ಸಮಾನತೆಯ ಭಾಗ ಕಾಗದದಲ್ಲೇ ಉಳಿಯಿತು.

ಇಲ್ಲಿ ಒಂದು ಕಠಿಣ ಪ್ರಶ್ನೆ ಬರುತ್ತದೆ. ಕಟ್ಟಡ, ಬೆಂಚು, ಪುಸ್ತಕ, ಶಿಕ್ಷಕರ ಸಂಬಳ ಎಲ್ಲವನ್ನೂ ಸಮ ಮಾಡಿಬಿಟ್ಟರು ಎಂದುಕೊಳ್ಳೋಣ. ಆಗಲೂ ಮಗುವಿಗೆ ಹಾನಿಯಾಗುತ್ತದೆಯೇ? ಆಗುವುದಾದರೆ ಅದನ್ನು ನ್ಯಾಯಾಧೀಶರ ಮುಂದೆ ತೋರಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರದ ದಾರಿ ತೆರೆದದ್ದು ಒಬ್ಬ ವಿದ್ಯಾರ್ಥಿನಿಯ ಎಂ.ಎ. ಪ್ರಬಂಧ.

ಆಕೆ ಮ್ಯಾಮೀ ಫಿಪ್ಸ್. ಅರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್‌ನಲ್ಲಿ 1917ರಲ್ಲಿ ಜನಿಸಿದ ಕಪ್ಪು ಹುಡುಗಿ, ವೈದ್ಯರ ಮಗಳು. 1934ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಗಣಿತ ಓದಲೆಂದು ಬಂದಳು. ಅಲ್ಲಿ ಪರಿಚಯವಾದ ಹಿರಿಯ ವಿದ್ಯಾರ್ಥಿ ಕೆನೆತ್ ಕ್ಲಾರ್ಕ್ ಮನಶ್ಶಾಸ್ತ್ರದತ್ತ ಅವಳ ಗಮನ ಸೆಳೆದ. ಮುಂದೆ ಇಬ್ಬರೂ ಮದುವೆಯಾದರು. 1938ರಲ್ಲಿ ಪದವಿ ಮುಗಿಸಿದ ಮ್ಯಾಮೀ ಕೆಲವು ತಿಂಗಳು ಒಂದು ವಕೀಲರ ಕಚೇರಿಯಲ್ಲಿ ಕೆಲಸ ಮಾಡಿದರು. ವರ್ಣಭೇದದ ವಿರುದ್ಧದ ಮೊಕದ್ದಮೆಗಳು ಸಿದ್ಧವಾಗುತ್ತಿದ್ದ ಕಚೇರಿ ಅದು. ಕಪ್ಪು ಮಕ್ಕಳಿಗೆ ತಮ್ಮ ಬಣ್ಣದ ಅರಿವು ಯಾವ ವಯಸ್ಸಿಗೆ ಮೂಡುತ್ತದೆ ಎಂಬುದು 1939ರ ಅವರ ಪ್ರಬಂಧದ ವಿಷಯ.

ಆ ವಿಚಾರವನ್ನು ದಂಪತಿಗಳು ಮುಂದೆ ಗೊಂಬೆಗಳಿಂದ ಪರೀಕ್ಷಿಸಿದರು. ನಾಲ್ಕು ಗೊಂಬೆಗಳು, ಎರಡು ಬಿಳಿ, ಎರಡು ಕಂದು. ಮೈಬಣ್ಣ, ಕೂದಲಿನ ಬಣ್ಣ ಬಿಟ್ಟರೆ ಎಲ್ಲವೂ ಒಂದೇ ಬಗೆಯವು. ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದರು: ನಿನಗೆ ಆಡಲು ಇಷ್ಟವಾದ ಗೊಂಬೆ ಕೊಡು. ಒಳ್ಳೆಯ ಗೊಂಬೆ ಕೊಡು. ಕೆಟ್ಟದ್ದಾಗಿ ಕಾಣುವುದನ್ನು ಕೊಡು. ಮೂವರಲ್ಲಿ ಇಬ್ಬರು ಮಕ್ಕಳು ಆಟಕ್ಕೆ ಬಿಳಿ ಗೊಂಬೆಯನ್ನೇ ಆರಿಸಿದರು. ಶೇಕಡಾ 59ರಷ್ಟು ಮಕ್ಕಳು ಕೆಟ್ಟದ್ದೆಂದು ಕಂದು ಗೊಂಬೆಯನ್ನು ತೋರಿಸಿದರು. ಕೊನೆಯ ಪ್ರಶ್ನೆ ಹೀಗಿತ್ತು: ನಿನ್ನಂತೆ ಇರುವ ಗೊಂಬೆ ಯಾವುದು? ಆಗ ಕೆಲವು ಮಕ್ಕಳು ಅತ್ತುಬಿಟ್ಟರು, ಕೆಲವರು ಕೋಣೆಯಿಂದ ಹೊರಗೆ ಓಡಿದರು. ಈ ಮಕ್ಕಳನ್ನು ಕೂರಿಸಿಕೊಂಡು ಯಾರೂ ನಿನ್ನ ಬಣ್ಣ ಕೀಳೆಂದು ಪಾಠ ಹೇಳಿರಲಿಲ್ಲ ಎಂಬುದನ್ನು ಗಮನಿಸಿ.

ದೂರದರ್ಶನದ ಮಾತಿನಲ್ಲಿ ಬಿಡುವಿಲ್ಲದೆ ಬಿಟ್ಟುಹೋದ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ದಕ್ಷಿಣದ ವರ್ಜೀನಿಯಾದಲ್ಲಿ, ಫಾರ್ಮ್‌ವಿಲ್ ಎಂಬ ಊರಿನ ಕಪ್ಪು ಮಕ್ಕಳ ಪ್ರೌಢಶಾಲೆಯಲ್ಲಿ ಸ್ಥಳ ಸಾಲದೆ, ಡಾಂಬರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ತರಗತಿ ನಡೆಯುತ್ತಿತ್ತು. 1951ರ ಏಪ್ರಿಲ್‌ನಲ್ಲಿ ಬಾರ್ಬರಾ ಜಾನ್ಸ್ ಎಂಬ 16 ವರ್ಷದ ವಿದ್ಯಾರ್ಥಿನಿಯ ಮುಂದಾಳತ್ವದಲ್ಲಿ ಇಡೀ ಶಾಲೆ ತರಗತಿ ಬಹಿಷ್ಕರಿಸಿತು. ಆ ಮುಷ್ಕರವೇ ಮೊಕದ್ದಮೆಯಾಯಿತು. ಸರ್ಕಾರದ ಪರ ಸಾಕ್ಷಿ ಹೇಳಲು ಬಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆನ್ರಿ ಗ್ಯಾರೆಟ್, ಡಾಕ್ಟರೇಟ್ ಪದವಿಗೆ ಮ್ಯಾಮೀ ಅವರ ಮಾರ್ಗದರ್ಶಕರಾಗಿದ್ದವರು. ಅವರ ವಾದಕ್ಕೆ ಎದುರು ಸಾಕ್ಷ್ಯ ನುಡಿಯಲು ಮ್ಯಾಮೀ ಅವರೇ ನಿಂತರು. ಗುರುವಿನೆದುರು ಶಿಷ್ಯೆ ಸಾಕ್ಷಿಕಟ್ಟೆ ಏರುವುದು ಸುಲಭವಲ್ಲ. ನಮ್ಮ ಪರಂಪರೆಯಲ್ಲಿ ಬೆಳೆದ ನಿಮಗೆ ಅದರ ಭಾರ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ದಕ್ಷಿಣ ಕ್ಯಾರೊಲೈನಾದ ಮೊಕದ್ದಮೆಗೆ ಕೆನೆತ್ ಅವರು ಗೊಂಬೆಗಳನ್ನು ಹಿಡಿದು ಅಲ್ಲಿಗೇ ಹೋಗಿ 16 ಮಕ್ಕಳನ್ನು ಪರೀಕ್ಷಿಸಿದ್ದರು. ಗೊಂಬೆಗಳನ್ನು ನ್ಯಾಯಾಲಯಕ್ಕೆ ಒಯ್ಯುವುದೇ ಎಂದು ವಕೀಲ ಥರ್ಗುಡ್ ಮಾರ್ಷಲ್ ಅವರ ಬಳಗದಲ್ಲೇ ಕೆಲವರು ನಕ್ಕಿದ್ದುಂಟು. ಇಂಥ ಐದು ಮೊಕದ್ದಮೆಗಳು ಸರ್ವೋಚ್ಚ ನ್ಯಾಯಾಲಯ ತಲುಪಿದವು. 1954ರ ಮೇ 17ರಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ, ಶಾಲೆಯಲ್ಲಿ ಬೇರ್ಪಡಿಸುವುದೇ ಅಸಮಾನತೆ ಎಂದು ತೀರ್ಪು ನೀಡಿದರು. ತೀರ್ಪಿನ 11ನೆಯ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ.

ಪ್ರಯೋಗದ ಬಗ್ಗೆ ಆಕ್ಷೇಪಗಳೂ ಬಂದವು. 16 ಮಕ್ಕಳು ತೀರ ಕಡಿಮೆ ಎಂದರು. ಅದಕ್ಕಿಂತ ತೂಕದ ಮಾತು ಇನ್ನೊಂದಿತ್ತು. ಮೊದಲಿನ 253 ಮಕ್ಕಳಲ್ಲಿ ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯದವರೂ ಇದ್ದರು. ಬಿಳಿ ಮಕ್ಕಳೊಡನೆ ಒಂದೇ ಶಾಲೆಗೆ ಹೋಗುತ್ತಿದ್ದ ಅವರಲ್ಲಿ ಬಿಳಿ ಗೊಂಬೆಯ ಒಲವು ತುಸು ಹೆಚ್ಚೇ ಇತ್ತು! ಹಾಗಾದರೆ ತಪ್ಪು ಪ್ರತ್ಯೇಕ ಶಾಲೆಯದು ಮಾತ್ರವೇ? ನನಗೆ ಈ ಆಕ್ಷೇಪ ನ್ಯಾಯವಾದದ್ದೆಂದೇ ತೋರುತ್ತದೆ. ಆದರೆ ಅದರಿಂದ ವಿಷಯ ಇನ್ನೂ ಗಂಭೀರವಾಗುತ್ತದೆ. ಬೀದಿ, ಅಂಗಡಿ, ಚಿತ್ರಪುಸ್ತಕ, ಸಿನಿಮಾ ಎಲ್ಲ ಕಡೆಯಿಂದಲೂ ಮಗು ಬಣ್ಣದ ಪಾಠ ಕಲಿಯುತ್ತಿತ್ತು.

ಹೀಗೆ ಅರಿವಿಲ್ಲದೆ ಮನಸ್ಸಿಗಿಳಿದ ಒಲವನ್ನು ವಿದ್ವಾಂಸರು ಈಗ ಸುಪ್ತ ಪೂರ್ವಗ್ರಹವೆಂದು ಕರೆಯುತ್ತಾರೆ. ಈ ಕ್ಷೇತ್ರದ ಪ್ರಮುಖರಲ್ಲಿ ಒಬ್ಬರು ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ಹುಟ್ಟಿ ಬೆಳೆದ ಮಹಜರೀನ್ ಬಾನಾಜಿ. ಆಂಥನಿ ಗ್ರೀನ್‌ವಾಲ್ಡ್ ಅವರೊಡನೆ ಅವರು 1995ರಲ್ಲಿ ಈ ಕುರಿತ ಪ್ರಬಂಧ ಪ್ರಕಟಿಸಿದರು. ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕಂಪ್ಯೂಟರಿನ ಎರಡು ಗುಂಡಿ ಒತ್ತಿ ಹೆಸರುಗಳನ್ನೂ ಒಳ್ಳೆಯ, ಕೆಟ್ಟ ಪದಗಳನ್ನೂ ವಿಂಗಡಿಸಬೇಕು. ಯಾವ ಜೋಡಣೆಗೆ ಕೈ ತಡವಾಗುತ್ತದೆ ಎಂಬುದೇ ಅಳತೆ. ಒಬ್ಬನೇ ವ್ಯಕ್ತಿ ಎರಡು ಸಲ ಪರೀಕ್ಷೆ ತೆಗೆದುಕೊಂಡರೆ ಎರಡು ಫಲ ಬರುವುದೂ ಉಂಟು. ಆದ್ದರಿಂದ ಅದನ್ನು ಒಬ್ಬೊಬ್ಬರ ಜಾತಕವೆಂಬಂತೆ ಓದಬಾರದು.

ಪೂರ್ವಗ್ರಹ ಹೊಗಳಿಕೆಯ ರೂಪದಲ್ಲೂ ಬರುತ್ತದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ವಾಸಿಸುವ ಸಿದ್ದಿಗಳು ಆಫ್ರಿಕಾ ಮೂಲದವರು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಆಫ್ರಿಕಾದ ರಕ್ತವಿದ್ದರೆ ಓಟ ತಾನಾಗಿ ಬರುತ್ತದೆಂಬುದು ಅದರ ಹಿಂದಿನ ನಂಬಿಕೆ. ಹಲವರು ಪದಕಗಳನ್ನು ಗೆದ್ದರು. ಆದರೂ 1990ರ ದಶಕದಲ್ಲಿ ಆ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.